ಬಲೂನು ಪಟದ ಹಗ್ಗ

ಮೊನ್ನೆ ಟ್ರಂಕಿನ ತಳದಲ್ಲಿ ಒಂದು ಮೊಳ ಹಗ್ಗ ಸಿಕ್ಕಿತು. ಮೂಗಿಗೆ ಹಿಡಿದೆ. ಜೇನುಮೇಣದ ವಾಸನೆ ಇನ್ನೂ ಇತ್ತು... ಒಂದು ತುದಿ ಬಿಚ್ಚಿಕೊಳ್ಳದಂತೆ ದಾರ ಸುತ್ತಿ ಕಟ್ಟಿದ್ದು. ಇನ್ನೊಂದು ತುದಿ ಚಾಕುವಿನಿಂದ ಕಡಿದದ್ದು. ಕಟ್ಟಿದವರೂ ಕಡಿದವರೂ ಒಬ್ಬರೇ. ಹೊಸಕೋಟೆಯಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಚಾಚಾ.

ಎರಡನೇ ಮಹಾಯುದ್ಧ ಮುಗಿದ ಹೊಸತು. ನಾನು ಅನುಗೊಂಡನಹಳ್ಳಿಯಿಂದ ಹೊಸಕೋಟೆಯ ಶಾಲೆಗೆ ಮೇಷ್ಟ್ರಾಗಿ ಬಂದಿದ್ದೆ. ಚಾಚಾ ಮುಂಬಯಿಯ ಬಂದರಿನಲ್ಲಿ ದೊರೆಗಳ ಹಾಯಿದೋಣಿ ನಡೆಸಿ, ವಯಸ್ಸಾದ ಮೇಲೆ ಊರಿಗೆ ಮರಳಿದವರು. ಸಮುದ್ರದ ಕಥೆ ಶುರು ಮಾಡಿದರೆ ಚಾಚಿ ಒಳಗಿನಿಂದಲೇ "ಬಸ್ ಕರೋ, ಸಾಕು" ಅನ್ನುತ್ತಿದ್ದರು. "ಸಾಬ್ರು ಬುರುಡೆ ಬಿಡ್ತಾರೆ" ಎಂದು ಊರು ನಗುತ್ತಿತ್ತು. ಆ ಮಾತು ಅವರಿಗೆ ನಾಟಿತ್ತು. ಬಡಗಿಯನ್ನು ಹಿಡಿದು ಪುಟ್ಟ ಹಾಯಿದೋಣಿ ಕಟ್ಟಿಸಿ, ಹೊಸಕೋಟೆ ಕೆರೆಗೆ ಇಳಿಸಿಯೇ ಬಿಟ್ಟರು.

ತಾಲ್ಲೂಕಿನ ಅಮಲ್ದಾರರು ತಡೆದರು. ಯಾರಾದರೂ ಮುಳುಗಿದರೆ ಹೊಣೆ ಯಾರು? ಆಚೆ ದಡ ಮುಟ್ಟಿ ಕ್ಷೇಮವಾಗಿ ಬಂದು ತೋರಿಸಿ, ಇಲ್ಲವೇ ದೋಣಿ ಒಡೆಸಿಬಿಡಿ ಎಂದರು. ದೋಣಿಗೆ ಇನ್ನೊಬ್ಬರ ಕೈ ಬೇಕಿತ್ತು. ಚಾಚಾ ನನ್ನ ಬಾಗಿಲಿಗೆ ಬಂದರು.

"ಹಗ್ಗ ಹಿಡಿದು ಗೊತ್ತಾ ಮೇಷ್ಟ್ರೇ?"

"ಎತ್ತು ಕಟ್ಟಿ ಕಪಿಲೆ ಬಾವಿ ನೀರೆತ್ತಿ ಬೆಳೆದೋನು ಚಾಚಾ. ಹಗ್ಗ ಗೊತ್ತಿಲ್ದೆ ಇರ್ತೀನಾ?"

ಅವರು ದೋಣಿ ಸಜ್ಜು ಮಾಡುವುದನ್ನು ನೋಡಬೇಕಿತ್ತು. ಒಂದೊಂದು ಹಗ್ಗವನ್ನೂ ಬೆರಳ ಸಂದಿಯಲ್ಲಿ ಎಳೆದು ಪರೀಕ್ಷಿಸಿ, ರಾಟೆಯಲ್ಲಿ ಹಾಯಿಸಿ, ಎಲ್ಲಿಯೂ ಒಂದಕ್ಕೊಂದು ತೊಡರದಂತೆ ನೋಡಿ, ಮತ್ತೆ ಮೊದಲಿನಿಂದ ನೋಡುತ್ತಿದ್ದರು. ಪ್ಯಾರಾಚೂಟ್ ಬಟ್ಟೆಯಲ್ಲಿ ಚಾಚಿ ಹೊಲಿದುಕೊಟ್ಟ ಭಾರಿ ಹಾಯಿಪಟವೊಂದಿತ್ತು. ಗಾಳಿ ಬೆನ್ನಿಗಿದ್ದಾಗ ಮಾತ್ರ ಅರಳಿಸುವ ಅದನ್ನು ಅವರು ಬಲೂನು ಪಟ ಅನ್ನುತ್ತಿದ್ದರು. ಮೂರು ಮೂಲೆಗಳು ಮೇಲೆ ಕಾಣುವಂತೆ ಬಿಟ್ಟು ಉಳಿದದ್ದನ್ನು ಮಂಕರಿಗೆ ತುಂಬಿದರು. ಒಂದು ಮೂಲೆ ಕಂಬಕ್ಕೆ ಏರುವ ಹಗ್ಗಕ್ಕೆ, ಒಂದು ಬಿದಿರಿನ ಗಳುವಿಗೆ, ಇನ್ನೊಂದು ನನ್ನ ಕೈಯ ಹಗ್ಗಕ್ಕೆ.

"ಪಟದ ಅಂಚು ಮಡಚ್ಕೊಂಡ್ರೆ ಎಳೀರಿ. ನಾನು ಬಿಡಿ ಅಂದ್ರೆ ಬಿಡಿ. ಬೇರೆ ಏನೂ ಯೋಚ್ನೆ ಮಾಡ್ಬೇಡಿ."

ಗಾಳಿಗೆ ಎದುರಾಗಿ ಓರೆ ಓರೆಯಾಗಿ ಸಾಗಿ ಆಚೆ ದಡ ಮುಟ್ಟಿದೆವು. ತಿರುಗಿದ ಮೇಲೆ ಬಲೂನು ಪಟ ಏರಿತು. ಆಹಾ... ಮಂಕರಿಯಿಂದ ಎದ್ದ ಆ ಬಿಳಿ ಬಟ್ಟೆ ಒಂದೇ ಸಲಕ್ಕೆ ಪೂರಿಯ ಹಾಗೆ ಉಬ್ಬಿಕೊಂಡಿತು. ಏರಿಯ ಮೇಲಿನ ಜನ ಕೇಕೆ ಹಾಕಿದ್ದು ನಮಗೆ ಕೇಳಿಸಿತು.

ಆಗ ಬಂತು ಆಷಾಢದ ಗಾಳಿಯ ಒಂದು ಹೊಡೆತ. ದೋಣಿ ಒಂದು ಮಗ್ಗುಲಿಗೆ ವಾಲಿ ನೀರು ಒಳಗೆ ನುಗ್ಗಿತು. ಕಪಿಲೆಯಲ್ಲಿ ಹಗ್ಗ ಬಿಟ್ಟರೆ ನೀರು ತುಂಬಿದ ಬಾನಿ ಬಾವಿಗೆ, ಅದರ ಹಿಂದೆ ಎತ್ತು. ಹೆದರಿಕೆಯಾದಷ್ಟೂ ಬಿಗಿಯಾಗಿ ಹಿಡಿ ಎಂದೇ ಅಪ್ಪ ಕಲಿಸಿದ್ದರು. ನಾನು ಹಗ್ಗವನ್ನು ಮುಂಗೈಗೆ ಸುತ್ತಿ, ಕಾಲೂರಿ, ಇನ್ನಷ್ಟು ಎಳೆದೆ.

"ಬಿಡಿ ಮೇಷ್ಟ್ರೇ! ಬಿಡಿ... ಅರೆ, ಛೋಡ್ ರೇ!"

ನನ್ನ ಮರ್ಯಾದೆ ಕೆರೆಯ ಪಾಲಾಯಿತು, ಕೈ ಮಾತ್ರ ಬಿಡಲಿಲ್ಲ. ಚಾಚಾ ಚುಕ್ಕಾಣಿಯನ್ನು ಮೊಣಕಾಲಿನಲ್ಲಿ ಒತ್ತಿ ಹಿಡಿದು, ಸೊಂಟದ ಚಾಕು ತೆಗೆದು ಹಗ್ಗ ಕಡಿದರು. ತಾವೇ ಹೊಸೆದು ಮೇಣ ಸವರಿದ, ಬೇರೆಯವರಿಗೆ ಮುಟ್ಟಲೂ ಕೊಡದ ಹಗ್ಗ ಅದು. ಪಟ ಪಟಪಟನೆ ಬಡಿದುಕೊಂಡಿತು, ದೋಣಿ ನೆಟ್ಟಗಾಯಿತು. ಅವರು ಪಟವನ್ನು ಇಳಿಸಿ ಎದೆಗೆ ಬಾಚಿಕೊಂಡು, ಉಳಿದ ಹಾಯಿಯಲ್ಲೇ ದಡ ಸೇರಿಸಿದರು.

"ಅಷ್ಟು ಒಳ್ಳೇ ಹಗ್ಗಾನ ಕಡಿದ್ಬಿಟ್ರಲ್ಲ ಸಾಬ್ರೇ?" ಎಂದರು ಅಮಲ್ದಾರರು.

"ಹಗ್ಗ ಇನ್ನೊಂದು ಹೊಸೀತೀನಿ ಹುಜೂರ್. ಮೇಷ್ಟ್ರನ್ನ ಎಲ್ಲಿಂದ ತರ್ಲಿ?"

ಏರಿಗೆ ಏರಿಯೇ ನಕ್ಕಿತು. ಅಮಲ್ದಾರರೂ ನಕ್ಕರು. ದೋಣಿ ಉಳಿಯಿತು. ಆಮೇಲೆ ಚಾಚಾ ಬಾಯಿಬಿಟ್ಟರೆ ಊರು ಕುಳಿತು ಕೇಳುತ್ತಿತ್ತು. ಕಡಿದ ತುಂಡನ್ನು ಮಾತ್ರ ನನಗೆ ಕೊಟ್ಟು, "ದಿನಾ ಬಿಟ್ಟು ಬಿಟ್ಟು ಕಲೀರಿ" ಎಂದರು. ಎಷ್ಟೋ ಸಂಜೆ ಅವರ ಜೊತೆ ಕೆರೆಗೆ ಹೋದೆ, ಕಲಿತೆ ಎಂದೇ ಅಂದುಕೊಂಡಿದ್ದೆ...

ಬಹಳ ವರ್ಷಗಳ ಮೇಲೆ ಚಾಚಾ ತೀರಿಕೊಂಡರು. ಕಬರಸ್ತಾನದಲ್ಲಿ ಅವರನ್ನು ಕೆಳಗಿಳಿಸುವ ಬಟ್ಟೆಯ ಒಂದು ತುದಿಯನ್ನು ಅವರ ಮಗ ನನ್ನ ಕೈಗೂ ಕೊಟ್ಟ. ಮೆಲ್ಲಗೆ ಇಳಿಸಿದೆವು. ಉಳಿದವರೆಲ್ಲ ತಮ್ಮ ತುದಿ ಬಿಟ್ಟರು. ನೋಡಿದರೆ, ನನ್ನ ತುದಿ ಮುಂಗೈಗೆ ಸುತ್ತಿಕೊಂಡಿದೆ.

"ಬಿಡಿ ಮೇಷ್ಟ್ರೇ," ಎಂದ ಮಗ, ಮೆಲ್ಲನೆ.

ಬಿಟ್ಟೆ. ಅಪ್ಪ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಮೊನ್ನೆ ಆ ಹಗ್ಗವನ್ನು ಮತ್ತೆ ಟ್ರಂಕಿಗೆ ಹಾಕೋಣವೆಂದು ಎದ್ದೆ. ಇವತ್ತಿಗೂ ಹಾಕಿಲ್ಲ.