ಗೌರಿ ಮಲಗಿದ್ದ ಕೌದಿ

ಜಿಗಣಿಯಲ್ಲಿ ಕಲ್ಲು ಕೊಯ್ಯುವ ಕಾರ್ಖಾನೆಗಳ ಹಿಂದೆ ಒಂದು ತಗಡಿನ ಶೆಡ್ಡಿತ್ತು. ಗ್ರಾನೈಟಿನ ಬಿಳಿ ಧೂಳು ಹಗಲಿಡೀ ಅದರ ಮೇಲೆ ಇಳಿಯುತ್ತಿತ್ತು. ಬೆಳಗಿನ ಓರೆ ಬಿಸಿಲಿನಲ್ಲಿ ಆ ಧೂಳು ಥೇಟ್ ಮಂಜಿನ ಹಾಗೆ ಕಾಣುತ್ತಿತ್ತು. ಸಿಂದಗಿ ಕಡೆಯ ಚನ್ನಕ್ಕ ನಾಲ್ಕು ವರ್ಷದಿಂದ ಆ ಮಂಜಿನೊಳಗೆ ನಡೆದು ಕೆಲಸಕ್ಕೆ ಬರುತ್ತಿದ್ದಳು. ಗಂಡ ಮಲಕಪ್ಪ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಮಾಡುತ್ತಿದ್ದ. ಇವಳು ಶೆಡ್ಡಿನಲ್ಲಿ ನಾಯಿಗಳ ಬಾಣಂತನ ಮಾಡುತ್ತಿದ್ದಳು.

ಬಾಣಂತನ ಎಂಬುದು ಅವಳದೇ ಮಾತು. ಶೆಡ್ಡಿನ ಮಾಲೀಕ ನಂದೀಶ ಅದಕ್ಕೆ ಪ್ರೊಡಕ್ಷನ್ ಎನ್ನುತ್ತಿದ್ದ. ಹದಿನಾಲ್ಕು ಹೆಣ್ಣು ನಾಯಿ, ಹದಿನಾಲ್ಕು ಗೂಡು. ಒಂದು ಸೂಲಿನಿಂದ ಮೈ ಸುಧಾರಿಸುವ ಮೊದಲೇ ಇನ್ನೊಂದು ಸೂಲು. ಅವು ಬಿಸಿಲು ಕಂಡದ್ದು ತಗಡಿನ ತೂತುಗಳಲ್ಲಿ ಮಾತ್ರ. ಮರಿಗಳನ್ನು ನಂದೀಶ ತನ್ನ ಮನೆಗೆ ಒಯ್ದು, ಸೋಫಾದ ಮೇಲೆ ಕೂರಿಸಿ, ಕೊರಳಿಗೆ ರಿಬ್ಬನ್ ಕಟ್ಟಿ ಫೋಟೊ ತೆಗೆಯುತ್ತಿದ್ದ. ‘ಮನೆಯಲ್ಲೇ ಬೆಳೆದ ಮರಿ’ ಎಂದು ಬರೆದು ಆನ್‌ಲೈನಿನಲ್ಲಿ ಹಾಕುತ್ತಿದ್ದ. ಯಾರಾದರೂ ತಾಯಿಯನ್ನು ನೋಡಬೇಕು, ಮನೆಗೇ ಬರುತ್ತೇವೆ ಎಂದರೆ, “ನಿಮಗ್ಯಾಕೆ ಮೇಡಂ ತೊಂದ್ರೆ, ನಮ್ಮಮ್ಮನೇ ತಂದ್ಕೊಡ್ತಾರೆ” ಎನ್ನುತ್ತಿದ್ದ.

ಆ ಅಮ್ಮ ಚನ್ನಕ್ಕ. ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟು, ಬುಟ್ಟಿ ಹಿಡಿದು ಅವಳು ಬೊಮ್ಮಸಂದ್ರದ ಮೆಟ್ರೊ ನಿಲ್ದಾಣದ ಕೆಳಗೆ ನಿಂತರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

“ನಿನ್ ಮುಖಾನೇ ನನ್ ಗ್ಯಾರಂಟಿ ಕಾರ್ಡು ಕಣಕ್ಕ,” ಎಂದು ನಂದೀಶ ನಗುತ್ತಿದ್ದ.

ಚನ್ನಕ್ಕನಿಗೆ ಒಂದು ರೂಢಿಯಿತ್ತು. ಅವಳೂರಿನಲ್ಲಿ ಹಳೆಯ ಸೀರೆಗಳ ಚೂರುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಗಂಡನ ಮನೆಗೆ ಹೊರಟ ಮಗಳ ಗಂಟಿನಲ್ಲಿ ತವರಿನ ಕೌದಿ ಇರಲೇಬೇಕು, ಹೊಸ ಜಾಗದಲ್ಲಿ ಅದಿಲ್ಲದೆ ನಿದ್ದೆ ಹತ್ತದು ಎಂದು ಅವಳ ಅವ್ವ ಹೇಳುತ್ತಿದ್ದಳು. ಆ ಅವ್ವ ಹೊಲಿದ ಕೌದಿಯನ್ನೇ ಚನ್ನಕ್ಕ ಶೆಡ್ಡಿಗೆ ತಂದು, ಜೇನುಬಣ್ಣದ ಲ್ಯಾಬ್ರಡಾರ್ ನಾಯಿ ಗೌರಿಗೆ ಹಾಸಿದ್ದಳು. ಗೌರಿ ಎಂಬ ಹೆಸರೂ ಅವಳೇ ಇಟ್ಟದ್ದು. ಗೌರಿಯ ಮರಿ ಕೊಡಲು ಹೊರಟಾಗಲೆಲ್ಲ ಆ ಕೌದಿಯ ಅಂಚಿನಿಂದ ಅಂಗೈಯಗಲ ಕತ್ತರಿಸಿ ಮರಿಯ ಹೊಟ್ಟೆಯ ಕೆಳಗೆ ಇಡುತ್ತಿದ್ದಳು. ತಾಯಿಯ ವಾಸನೆ ಜೊತೆಗಿರಲಿ ಎಂದು.

“ಕೌದಿ ಹೋಗಿ ಕರ್ಚೀಫ್ ಆಗೇತಿ,” ಎಂದು ಮಲಕಪ್ಪ ಚುಡಾಯಿಸುತ್ತಿದ್ದ.

ಬಸ್ಸಿನ ಕಿಟಕಿಯ ಪಕ್ಕ ಕೂತು, ಬುಟ್ಟಿಯೊಳಗಿನ ಬೆಚ್ಚನೆಯ ಉಸಿರನ್ನು ಅಂಗೈಯಲ್ಲಿ ಹಿಡಿದಾಗ ಚನ್ನಕ್ಕನ ಕಣ್ಣಿಗೆ ಊರೆಲ್ಲ ಒಂದು ದೊಡ್ಡ ಕೌದಿಯಾಗಿ ಕಾಣುತ್ತಿತ್ತು. ತಗಡಿನ ಶೆಡ್ಡುಗಳ ಬೂದು ಚೂರು, ಗಾಜಿನ ಕಟ್ಟಡಗಳ ನೀಲಿ ಚೂರು, ನಡುವೆ ಎಲ್ಲೋ ಉಳಿದ ರಾಗಿ ಹೊಲದ ಹಸಿರು ಚೂರು. ಅದರ ಮೇಲೆ ಅಲ್ಲಲ್ಲಿ, ಅವಳು ಕೊಟ್ಟ ಮರಿಗಳೆಲ್ಲ ಮುದುರಿ ಮಲಗಿರುತ್ತಿದ್ದವು. ಹನ್ನೆರಡನೆಯ ಮಹಡಿಯಲ್ಲೊಂದು, ಮಲ್ಲಿಗೆ ಬಳ್ಳಿಯ ಅಂಗಳದಲ್ಲೊಂದು. ಎಲ್ಲವೂ ಹೊಟ್ಟೆ ತುಂಬಿದವು. ಈ ಕನಸು ಮುಗಿಯದಿರಲಿ ಎಂದು ಅವಳು ಬಸ್ಸು ಇಳಿಯುವುದನ್ನೇ ತಡಮಾಡುತ್ತಿದ್ದಳು.

ಶ್ರಾವಣದ ಒಂದು ಸೋಮವಾರ ಮರಿ ತೆಗೆದುಕೊಳ್ಳಲು ಬಂದವರು ಆಶಾರಾಣಿ. ಜಾಲಹಳ್ಳಿಯವರು, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, “ಇದರ ತಾಯಿ ಹೆಸರೇನಮ್ಮ?” ಎಂದು ಕೇಳಿದರು. ಇದುವರೆಗೆ ಯಾರೂ ಕೇಳದ ಪ್ರಶ್ನೆ.

“ಗೌರಿ ಅಂತ್ರೀ.”

“ಏನು ತಿನ್ನಿಸ್ಬೇಕು ಅಂತ ಕೇಳೋಕೆ ನಿಮ್ಮ ನಂಬರ್ ಕೊಡ್ತೀರಾ?”

ನಂಬರು ಕೊಡಬಾರದು ಎಂದು ನಂದೀಶ ಹೇಳಿದ್ದ. ಚನ್ನಕ್ಕ ಕೊಟ್ಟಳು.

ಗುರುವಾರ ಮಧ್ಯಾಹ್ನ ಫೋನು ಬಂತು. ಮರಿ ಎರಡು ದಿನದಿಂದ ಏನೂ ಮುಟ್ಟಿಲ್ಲ, ರಕ್ತ ಭೇದಿ, ಡಾಕ್ಟರ ಮೇಜಿನ ಮೇಲೆ ಮಲಗಿದೆ, ನಿಮ್ಮ ಮಗ ಫೋನು ಎತ್ತುತ್ತಿಲ್ಲ ಎಂದರು ಆಶಾರಾಣಿ. ಚನ್ನಕ್ಕ ಫೋನು ಹಿಡಿದೇ ನಂದೀಶನ ಕಡೆ ನೋಡಿದಳು. ಅವನು ಮನೆಗೆ ಒಯ್ಯಲಿದ್ದ ಹೊಸ ಮರಿಗೆ ಶೆಡ್ಡಿನಲ್ಲೇ ರಿಬ್ಬನ್ ಕಟ್ಟುತ್ತಿದ್ದ.

“ಕಟ್ ಮಾಡಕ್ಕ. ಸಿಮ್ ಚೇಂಜ್ ಮಾಡಿದ್ರೆ ಆಯ್ತು,” ಎಂದ. “ಸಾಯೋದು ಸಾಯತ್ತೆ. ನೀನು ಬಾಯ್ಬಿಟ್ರೆ ನಾಳೆಯಿಂದ ಬರ್ಬೇಡ.”

ಆ ಕಡೆಯಿಂದ ಡಾಕ್ಟರ ದನಿ ಕೇಳಿತು. “ಅಮ್ಮ, ನಿಜ ಹೇಳಿ, ಮರಿಗೆ ಎಷ್ಟು ದಿನ? ಮರಿ ಜೊತೆ ಕೊಟ್ಟ ಕಾರ್ಡಲ್ಲಿ ಐವತ್ತು ಅಂತಿದೆ, ಇಂಜೆಕ್ಷನ್ ಆಗಿದೆ ಅಂತಿದೆ. ನಾನು ಅದನ್ನೇ ನಂಬ್ಕೊಂಡು ಔಷಧಿ ಕೊಟ್ರೆ ತಡ್ಕೊಳಲ್ಲ ಇದು.”

ಚನ್ನಕ್ಕ ಶೆಡ್ಡಿನ ಹೊರಗೆ ಬಂದಳು. ಬಿಳಿ ಧೂಳು ನಿಧಾನವಾಗಿ ಇಳಿಯುತ್ತಿತ್ತು.

“ಮೂವತ್ತ ದಿನಾನೂ ತುಂಬಿಲ್ರೀ ಸಾರ್. ಸೂಜಿ ಹಾಕಿಲ್ಲ. ಕಾರ್ಡು ನಮ್ಮ ಮಾಲಕ ತಾನ ಬರದಾನ್ರೀ. ಅಂವ ನನ್ನ ಮಗಾ ಅಲ್ಲ. ಹಿಂದಿನ ಸೂಲಿನ ಮರಿ ಐದೂ ಹಿಂಗ ರಕ್ತ ಹೋಗಿ ಸತ್ತಾವ್ರೀ.”

ನಂತರ ಡಾಕ್ಟರು ಕೇಳಿದರು, “ಇದರ ಜೊತೆ ಒಂದು ಬಟ್ಟೆ ಬಂದಿದೆಯಲ್ಲ, ಅದು ಎಲ್ಲಿದು?”

“ನಮ್ಮವ್ವನ ಕೌದೀದ್ರಿ. ಅವು ಸತ್ತ ಮ್ಯಾಲ ಸೋಪ್ ಹಚ್ಚಿ ಒಗದು, ಬಿಸಿಲಿಗೆ ಒಣಗಿಸೇನ್ರಿ.”

“ಈ ಕಾಯಿಲೆ ಸೋಪಿಗೆ ಹೋಗಲ್ಲಮ್ಮ. ಬಟ್ಟೇಲಿ ತಿಂಗಳುಗಟ್ಟಲೆ ಇರತ್ತೆ. ಸುಟ್ಟುಬಿಡಿ.”

ಚನ್ನಕ್ಕ ಗೋಡೆಗೆ ಒರಗಿ ಕೂತಳು. ಕಣ್ಣೆದುರು ಆ ದೊಡ್ಡ ಕೌದಿ ಮತ್ತೆ ಹಾಸಿಕೊಂಡಿತು. ಮರಿಗಳು ಹಾಗೆಯೇ ಮುದುರಿ ಮಲಗಿದ್ದವು. ಈಗ ಅವುಗಳಲ್ಲಿ ಯಾವುದು ನಿದ್ದೆ ಮಾಡುತ್ತಿದೆ, ಯಾವುದು ಇಲ್ಲ ಎಂದು ಅವಳಿಗೆ ಗೊತ್ತಾಗಲಿಲ್ಲ. ಯಾರೂ ಫೋನು ಮಾಡಿರಲಿಲ್ಲವಲ್ಲ, ಚೆನ್ನಾಗಿಯೇ ಇವೆ ಎಂದುಕೊಂಡಿದ್ದಳು. ಫೋನು ಮಾಡಲು ಅವರ ಬಳಿ ಅವಳ ನಂಬರೇ ಇರಲಿಲ್ಲ.

ಗೌರಿಯನ್ನು ಮೆಲ್ಲಗೆ ಸರಿಸಿ ಅವಳು ಕೌದಿ ಎಳೆದುಕೊಂಡಳು. ಹಿಂದಿನ ಬಯಲಿನಲ್ಲಿ ಅದಕ್ಕೆ ಬೆಂಕಿ ಹಚ್ಚಿದಳು. ಅವ್ವನ ಮದುವೆ ಸೀರೆಯ ಕೆಂಪು ಎಲ್ಲಕ್ಕಿಂತ ಕೊನೆಗೆ ಉರಿಯಿತು. ಹೊಗೆ ನೋಡಿ ಓಡಿ ಬಂದ ನಂದೀಶ, “ಏನಕ್ಕ ಇದು, ತಲೆ ಕೆಟ್ಟಿದ್ಯಾ?” ಎಂದ.

“ಇಲ್ಲಪ್ಪ, ನಾಳಿಂದ ನಾ ಬರೂದಿಲ್ಲ,” ಎಂದಳು ಚನ್ನಕ್ಕ. ಆದರೆ ಹೊರಡುವಾಗ, ಬರಿ ಸಿಮೆಂಟಿನ ಮೇಲೆ ಮಲಗಿದ್ದ ಗೌರಿ ತಲೆ ಎತ್ತಿ ಬಾಗಿಲಿನವರೆಗೂ ಅವಳನ್ನೇ ನೋಡಿತು.

ಮನೆಯಲ್ಲಿ ವಿಷಯ ಕೇಳಿ ಮಲಕಪ್ಪ, “ಮರಿ ಉಳೀತೇನ?” ಎಂದು ಕೇಳಿದ.

ಅದು ಗೊತ್ತಾದದ್ದು ಮಂಗಳವಾರ, ಆಶಾರಾಣಿ ಮತ್ತೆ ಫೋನು ಮಾಡಿದಾಗ. “ಇವತ್ತು ಬೆಳಿಗ್ಗೆ ಎರಡು ಚಮಚ ಗಂಜಿ ಕುಡೀತು ಕಣಮ್ಮ. ನೀವು ಆವತ್ತು ಹೇಳಿದ್ದಕ್ಕೇ ಉಳೀತು ಅಂದ್ರು ಡಾಕ್ಟ್ರು.” ಆಮೇಲೆ ದನಿ ತಗ್ಗಿಸಿ, “ನಾನು ಕಂಪ್ಲೇಂಟ್ ಕೊಟ್ಟಿದ್ದೀನಿ. ಅಧಿಕಾರಿಗಳು ನಾಳೆ ಬರ್ತಾರೆ. ಆದ್ರೆ ನಾಯಿಗಳನ್ನ ಎಲ್ಲಿಟ್ಟಿದ್ದಾರೆ ಅಂತ ಯಾರಿಗೂ ಗೊತ್ತಿಲ್ವಲ್ಲ,” ಎಂದರು.

“ಬರ್ಲಿ ಬಿಡ್ರೀ ಅಕ್ಕಾರ. ಜಿಗಣಿ ಕಲ್ಲು ಕಾರ್ಖಾನಿ ತಿರುವಿನ್ಯಾಗ ನಾ ನಿಂತಿರ್ತೀನಿ,” ಎಂದಳು ಚನ್ನಕ್ಕ.

ಮರುದಿನ ಅವಳು ಅದೇ ಇಳಕಲ್ ಸೀರೆ ಉಟ್ಟಳು. ಹಣೆ ತುಂಬ ಕುಂಕುಮ ಇಟ್ಟಳು. ಗೌರಿ ಹಿಡಿಸುವಷ್ಟು ದೊಡ್ಡ ಬುಟ್ಟಿ ಮನೆಯಲ್ಲಿರಲಿಲ್ಲ. ಹಾಗಾಗಿ ಅದರ ಕೊರಳಿಗೆಂದು ಒಂದು ಹಗ್ಗ ತೆಗೆದುಕೊಂಡು, ಕಲ್ಲು ಕಾರ್ಖಾನೆಗಳ ತಿರುವಿನಲ್ಲಿ ಬಿಳಿ ಧೂಳಿನೊಳಗೆ ಅಧಿಕಾರಿಗಳ ಜೀಪಿಗಾಗಿ ಕಾಯುತ್ತ ನಿಂತಳು.