ತಳದಲ್ಲಿ ಬೆಚ್ಚಗಿರುತ್ತದೆ

ಇದು ನಡೆದದ್ದು ತೊಂಬತ್ತರ ದಶಕದ ಕೊನೆಯ ಒಂದು ಮಾರ್ಚ್‌ನಲ್ಲಿ, ಲಂಡನ್ನಿನ ಹೇಸ್ ಬಳಿಯ ಕೆರೆಯೊಂದರಲ್ಲಿ. ಅರ್ಧ ಕೆರೆ ಇನ್ನೂ ಹೆಪ್ಪುಗಟ್ಟಿತ್ತು. ಕನೂ ಎಂಬ ಸಣ್ಣ ದೋಣಿ ನಡೆಸಬೇಕೆಂದು ಚಳಿಗಾಲವಿಡೀ ಕಾದಿದ್ದ ನಾನು, ವೆಂಬ್ಲಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಕುಂದಾಪುರದ ಗೆಳೆಯ ಸುಧಾಕರನನ್ನೂ ಎಳೆದುಕೊಂಡು ಹೋಗಿದ್ದೆ. ಕಲಿಸುವ ಅಜ್ಜಿ ನಿಯಮ ಹೇಳಿದರು. ಮೊದಲು ದಡದ ಹತ್ತಿರ ಬೇಕೆಂದೇ ದೋಣಿ ಮಗುಚಿ, ಮುಳುಗಿ ಏಳಬೇಕು. ಇಲ್ಲದಿದ್ದರೆ ಕೆರೆಗೆ ಬಿಡುವುದಿಲ್ಲ.

ಸುಧಾಕರ ಮುಳುಗಿ ಎದ್ದು, "ಒಳ್ಳೇ ತೀರ್ಥಸ್ನಾನ ಮಾರಾಯಾ, ಬಾ!" ಎಂದ.

ನಾನು ಭೌತಶಾಸ್ತ್ರ ಓದಿದವನು. ಮಂಜುಗಡ್ಡೆ ಇರುವ ಕೆರೆಯಲ್ಲಿ ಮೇಲಿನ ನೀರು ಸೊನ್ನೆ ಡಿಗ್ರಿಯ ಹತ್ತಿರ ಇರುತ್ತದೆ, ತಳದಲ್ಲಿ ಮಾತ್ರ ನಾಲ್ಕು, ಆದ್ದರಿಂದ ನನ್ನ ಪರೀಕ್ಷೆಯನ್ನು ಏಪ್ರಿಲ್‌ಗೆ ಮುಂದೂಡಬಹುದು ಎಂದು ಅಜ್ಜಿಗೆ ವಿವರಿಸಿದೆ.

ಅವರು ಗಮನವಿಟ್ಟು ಕೇಳಿದರು. "ಹಾಗಾದರೆ ತಳಕ್ಕೇ ಹೋಗಿ ಬಾ ಕಂದಾ, ಬೆಚ್ಚಗಿರುತ್ತೆ" ಎಂದರು.

ದೋಣಿ ಮಗುಚಿದೆ. ಎದ್ದು ನಿಂತರೆ ನೀರು ಸೊಂಟದವರೆಗೆ ಮಾತ್ರ ಇತ್ತು.

"ಎಂತ ಮಾರಾಯಾ, ತಳದಲ್ಲಿ ಎಷ್ಟು ಡಿಗ್ರಿ?" ಸುಧಾಕರ ಕೇಳಿದ.

ಹಲ್ಲು ಕಟಕಟಿಸುತ್ತಲೇ ದಡಕ್ಕೆ ಬಂದೆ. ದೋಣಿ ಹತ್ತಿ ಕೆರೆಯ ನಡುವಿಗೆ ಹೊರಡುವ ಮುನ್ನ ಚೀಲದಲ್ಲಿದ್ದ ಥರ್ಮಾಮೀಟರನ್ನು ಅದೇ ಜಾಗದಲ್ಲಿ ಇಳಿಬಿಟ್ಟು ನೋಡಿದೆ. ನಮ್ಮ ಒದ್ದಾಟಕ್ಕೆ ನೀರೆಲ್ಲ ಕಲಕಿಹೋಗಿತ್ತು. ಮೇಲೆ ಎರಡು ಡಿಗ್ರಿ, ತಳದಲ್ಲೂ ಎರಡು.