ಎಕ್ಸ್-ರೇ ಪ್ಲೇಟ್ ಹಿಡಿಯುವ ಮಲ್ಲಪ್ಪ

ಕಳೆದ ಸೋಮವಾರ ನಾನೊಂದು ಬೇವಿನ ಮರದ ಹಿಂದೆ ಅಡಗಿ ನಿಂತಿದ್ದೆ. ಐವತ್ತು ದಾಟಿದವನು, ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮಗೆಲ್ಲ ಧೈರ್ಯ ಹೇಳುವವನು. ಕಾರಣ? ಆಚೆ ತಗಡಿನ ಶೆಡ್ಡಿನಲ್ಲಿ ಒಂದು ಎತ್ತಿಗೆ ಎಕ್ಸ್-ರೇ ತೆಗೆಯುತ್ತಿದ್ದರು.

(ಹಲ್ಲಿನ ಡಾಕ್ಟರು ಎಕ್ಸ್-ರೇ ಅಂದಾಗಲೂ 'ಬೇಕೇ ಬೇಕಾ' ಎಂದು ಮೂರು ಸಲ ಕೇಳುವ ಗಿರಾಕಿ ನಾನು.)

ಅಲ್ಲಿಗೆ ನನ್ನನ್ನು ಎಳೆದೊಯ್ದವಳು ಅಣ್ಣನ ಮಗಳು ಸುಧಾ. ಫಿಸಿಕ್ಸ್‌ನಲ್ಲಿ ಸಂಶೋಧನೆ ಮಾಡುತ್ತಾಳೆ. ವಿಷಯ: ಎತ್ತಿನ ಕೀಲು.

"ಕಂಪ್ಯೂಟರ್‌ನಾಗ ಒಂದು ಕೀಲು ಕಟ್ಟೀನಿ ಕಾಕಾ. ಚರ್ಮ, ಮಾಂಸ, ಮೆದು ಎಲುಬು, ಗಟ್ಟಿ ಎಲುಬು, ಎಲ್ಲಾ ಪದರ ಪದರ. ಅದರ ಮ್ಯಾಲ ಎಕ್ಸ್-ರೇ ಬಿಟ್ಟಂಗ ಮಾಡಿ, ಯಾವ ಪದರ ಎಷ್ಟು ಹೀರ್ತದ ಅಂತ ನೋಡಾಕತ್ತೀನಿ."

ನಿಜವಾದ ಎತ್ತಿಗೆ ಮಷಿನ್ ಎಷ್ಟು ದೂರ ಇಡುತ್ತಾರೆ, ಎಷ್ಟು ಹೊತ್ತು ಬಿಡುತ್ತಾರೆ ಎಂದು ಅವಳಿಗೆ ನೋಡಬೇಕಿತ್ತು. ಹಾಗಾಗಿ ರಂಗಂಪೇಟೆಯಿಂದ ನನ್ನ ಸ್ಕೂಟರ್ ಒಂದು ಪಶು ದವಾಖಾನೆಗೆ ಹೊರಟಿತು. (ಊರಿನ ಹೆಸರು ಬೇಡ.)

ದೋರನಹಳ್ಳಿಯಿಂದ ಬಂದ ಎತ್ತು. ಮುಂಗಾಲಿನ ಕೀಲು ತೆಂಗಿನಕಾಯಿಯಷ್ಟು ಬಾತಿತ್ತು. ಕಂಬಕ್ಕೆ ಬಿಗಿಯಾಗಿ ಕಟ್ಟಿದ್ದರು. ಡಾಕ್ಟರು ಉದ್ದ ವೈರಿನ ಸ್ವಿಚ್ ಹಿಡಿದು ಗೋಡೆಯ ಹಿಂದೆ ಸರಿದರು. ಎತ್ತಿನ ಮಾಲೀಕರು ಗೇಟಿನತ್ತ ಸರಿದರು. ನಾನು ಎಲ್ಲಿದ್ದೆ ಎಂದು ಆಗಲೇ ಹೇಳಿದ್ದೇನೆ.

ಸರಿಯದೆ ಉಳಿದವನು ಒಬ್ಬನೇ. ದಿನಗೂಲಿ ಅಟೆಂಡರ್ ಮಲ್ಲಪ್ಪ. ಎತ್ತಿನ ಕೀಲಿನ ಹಿಂದೆ ಎಕ್ಸ್-ರೇ ಪ್ಲೇಟನ್ನು ಎರಡೂ ಬರಿಗೈಯಲ್ಲಿ ಒತ್ತಿ ಹಿಡಿದು ಕುಕ್ಕರಗಾಲಿನಲ್ಲಿ ಕೂತಿದ್ದ. ಮೈಮೇಲೆ ಬರೀ ಅಂಗಿ. ಎಕ್ಸ್-ರೇ ಮುಗಿದ ಮೇಲೆ ನಾವು ಶೆಡ್ಡಿನೊಳಗೆ ಹೋದೆವು.

"ಸೀಸದ ಏಪ್ರನ್ ಇಲ್ಲೇನ್ರಿ?" ಸುಧಾ ಕೇಳಿದಳು. ಗೋಡೆಯ ಹಿಂದೆ ಸರಿಯಲಾಗದವನ ಮೈಗೆ ಕಿರಣ ತಾಗದಂತೆ ತಡೆಯುವುದು ಅದೇ.

"ಅದರೀ ಅಕ್ಕಾರ. ಭಾಳ ಚೊಲೊ ಅದ. ಅಲಮಾರಿನ್ಯಾಗ ಅದ," ಅಂದ ಮಲ್ಲಪ್ಪ.

ದವಾಖಾನೆಯ ಗುಮಾಸ್ತರು ಕೀಲಿ ತಂದರು, ಒಲ್ಲದ ಮನಸ್ಸಿನಿಂದ. "ಹೊಲಸಾದ್ರ ಆಡಿಟ್‌ದವ್ರಿಗೆ ಏನ್ ತೋರಸೋಣ್ರಿ ಮೇಡಂ? ಸ್ಟಾಕ್ ಬುಕ್‌ನಾಗ ಎಂಟ್ರಿ ಆಗ್ಯಾದ."

ಏಪ್ರನ್ ಹೊರಗೆ ಬಂತು. ಮದುವೆಯ ರೇಷ್ಮೆ ಸೀರೆಯ ಹಾಗೆ ನಾಲ್ಕು ಮಡಿಕೆ, ನಡುವೆ ನುಸಿ ಗುಳಿಗೆ. ಸುಧಾ ಅದನ್ನು ಬಿಡಿಸಿ, ಮಡಿಕೆಗಳ ಮೇಲೆ ಬೆರಳಾಡಿಸಿದಳು.

"ಇದನ್ನ ತೂಗಹಾಕಬೇಕ್ರಿ, ಮಡಚಬಾರ್ದು. ಮಡಿಕಿ ಮಡಿಕಿಗೂ ಒಳಗಿನ ಸೀಸ ಸೀಳ್ಯಾದ. ಇನ್ನ ಉಪಯೋಗಿಲ್ಲ."

"ಎಷ್ಟ್ ಜ್ವಾಕಿ ಮಾಡಿ ಇಟ್ಟಿದ್ವಿ," ಎಂದು ಗುಮಾಸ್ತರು ನಿಜಕ್ಕೂ ನೊಂದುಕೊಂಡರು.

ನನಗೆ ಮೈ ಉರಿಯಿತು. ಯಾರಿಗಾಗಿ ತಂದ ವಸ್ತು ಇದು? ಆಡಿಟ್‌ನವರ ಕಣ್ಣಿಗಾ, ಮಲ್ಲಪ್ಪನ ಎದೆಗಾ? ಏಪ್ರನ್ ಕಳೆದರೆ ವರದಿ ಬರೆಯಬೇಕು, ಸಹಿ ಹಾಕಬೇಕು, ಯಾರಾದರೂ ಉತ್ತರ ಕೊಡಬೇಕು. ಮಲ್ಲಪ್ಪ ಕಳೆದರೆ? ಮರುದಿನ ಇನ್ನೊಬ್ಬ ಬಂದು ಪ್ಲೇಟ್ ಹಿಡಿಯುತ್ತಾನೆ.

"ಏನಾಗ್ತದ ಬಿಡ್ರಿ ಸರ," ಅಂದ ಮಲ್ಲಪ್ಪ. "ಅದು ಕಾಣ್ಸೂದಿಲ್ಲ, ಕಡಿಯೂದಿಲ್ಲ. ಎತ್ತು ಒದ್ದರ ನೋವಾಗ್ತದ. ಉಗುರು ಒಂದೀಟು ಕಪ್ಪಾಗ್ಯಾವ, ಅಷ್ಟ."

ಕೈ ಚಾಚಿ ತೋರಿಸಿದ. ಉಗುರುಗಳ ಮೇಲೆ ಕಪ್ಪು ಗೆರೆಗಳು. ಕಿರಣದಿಂದಲೋ, ಫಿಲ್ಮ್ ತೊಳೆಯುವ ಔಷಧಿಯಿಂದಲೋ, ನನಗೆ ಗೊತ್ತಿಲ್ಲ. ಗೊತ್ತಿರಬೇಕಾದವರು ಇಷ್ಟು ವರ್ಷ ಆ ಕೈಯನ್ನು ನೋಡಿಯೇ ಇಲ್ಲ.

"ಈ ಕೈ ನಿನ್ನ ಕಂಪ್ಯೂಟರ್‌ನಾಗ ಅದ ಏನವ್ವ?" ಸುಧಾಳನ್ನು ಕೇಳಿದೆ.

"ಇಲ್ಲ ಕಾಕಾ," ಅಂದಳು, ನೆಲ ನೋಡುತ್ತ. "ಹಾಕಬೇಕಾಗಿತ್ತು."

ದೂರು ಕೊಡುತ್ತೇನೆ ಅಂದೆ. "ಕೊಡ್ರಿ," ಎಂದು ಗುಮಾಸ್ತರು ಫಾರಂ ಕೊಟ್ಟರು. ಅದರಲ್ಲಿದ್ದ ಕಲಂಗಳು: ಪ್ರಾಣಿಯ ಹೆಸರು, ವಯಸ್ಸು, ತಳಿ, ಎಷ್ಟು ದಿನದಿಂದ ತೊಂದರೆ. ಮನುಷ್ಯರ ಫಾರಂ ಇಲ್ಲವೇ ಎಂದರೆ, "ಇದು ದನದ ದವಾಖಾನಿ ಅಲ್ಲೇನ್ರಿ?" ಎಂಬ ಉತ್ತರ.

"ನನ್ನ ಹೆಸರ ಹಾಕ್ರಿ ಸರ, ಅಂಜಿಕಿಲ್ಲ," ಅಂದ ಮಲ್ಲಪ್ಪ.

ಹಾಕಿದೆ. ವಯಸ್ಸು ಕೇಳಿ ಬರೆದೆ. ಎಷ್ಟು ದಿನದಿಂದ ಎಂಬಲ್ಲಿ 'ಕೆಲಸಕ್ಕೆ ಸೇರಿದಾಗಿನಿಂದ' ಎಂದು ಬರೆದೆ. ತಳಿ ಎಂಬ ಕಲಂ ಮುಂದೆ ಮಾತ್ರ ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಬರೆದೆ: ದಿನಗೂಲಿ.